ಗಾಳಿ ತಾಗಿದರೆ ಹೊತ್ತಿಕೊಳ್ಳುವ ಕ್ರಿಯಾವರ್ಧಕಗಳು: ದಾಸ್ತಾನು ಮತ್ತು ನಿರ್ವಹಣೆ ಕುರಿತ ಸಾರ್ವಜನಿಕ ಮಾಹಿತಿ

ಪೀಠಿಕೆ
ರಾಸಾಯನಿಕ ಕ್ರಿಯೆಯನ್ನು ತ್ವರಿತಗೊಳಿಸಿ, ತಾನು ವ್ಯಯವಾಗದೆ ಉಳಿಯುವ ವಸ್ತುವೇ ಕ್ರಿಯಾವರ್ಧಕ. ಕಾರ್ಖಾನೆಗಳಲ್ಲಿ ಇದನ್ನು ಕ್ಯಾಟಲಿಸ್ಟ್ ಎನ್ನುವರು. ಫಿಷರ್-ಟ್ರಾಪ್ಷ್ ವಿಧಾನದ ಕೃತಕ ಇಂಧನ ತಯಾರಿಕೆಯಲ್ಲಿ ಕಬ್ಬಿಣ ಅಥವಾ ಕೋಬಾಲ್ಟ್, ಔಷಧ ಮತ್ತು ವನಸ್ಪತಿ ತಯಾರಿಕೆಯಲ್ಲಿ ನಿಕ್ಕಲ್ ಈ ಕಾರ್ಯಕ್ಕೆ ಬಳಕೆಯಾಗುತ್ತವೆ. ಬಳಕೆಗೆ ಸಿದ್ಧಗೊಳಿಸಿದ ಈ ಲೋಹಗಳ ಸೂಕ್ಷ್ಮ ಕಣಗಳು ಗಾಳಿ ತಾಗಿದೊಡನೆ ಕಿಡಿಯಿಲ್ಲದೆಯೇ ಹೊತ್ತಿಕೊಳ್ಳಬಲ್ಲವು. ಮಂಗಳೂರಿನ ಎಂ.ಆರ್.ಪಿ.ಎಲ್. ನಂತಹ ತೈಲ ಶುದ್ಧೀಕರಣಾಗಾರಗಳಲ್ಲಿ ಬಳಸಿ ಹೊರತೆಗೆದ ಕ್ರಿಯಾವರ್ಧಕಕ್ಕೂ ತಾನಾಗಿ ಕಾಯುವ ಗುಣವಿರುತ್ತದೆ. ಆದುದರಿಂದ ಹಳೆಯದೆಂದು ಅಲಕ್ಷಿಸತಕ್ಕದ್ದಲ್ಲ.

ದಾಸ್ತಾನು ಮತ್ತು ನಿರ್ವಹಣೆ
1. ಒಣ ಕ್ರಿಯಾವರ್ಧಕವನ್ನು ಸಾರಜನಕ ತುಂಬಿದ, ಬಿಗಿಯಾಗಿ ಮುಚ್ಚಿದ ಡ್ರಮ್ಮುಗಳಲ್ಲಿ ಇರಿಸತಕ್ಕದ್ದು.
2. ರೇನೀ ನಿಕ್ಕಲ್ ಅನ್ನು ನೀರಿನಲ್ಲಿ ಮುಳುಗಿಸಿಡಲಾಗುತ್ತದೆ. ನೀರಿನ ಮಟ್ಟವನ್ನು ನಿಯತವಾಗಿ ಪರಿಶೀಲಿಸತಕ್ಕದ್ದು. ಚೆಲ್ಲಿದ ಪುಡಿ ಒಣಗಿದರೆ ಹೊತ್ತಿಕೊಳ್ಳುತ್ತದೆ.
3. ಕೋಬಾಲ್ಟ್ ಕ್ರಿಯಾವರ್ಧಕಕ್ಕೆ ಮೇಣದ ಲೇಪ ನೀಡಿ ಗಾಳಿಯಿಂದ ರಕ್ಷಿಸುವ ಕ್ರಮವೂ ಇದೆ.
4. ಸಾರಜನಕಕ್ಕೆ ಬಣ್ಣವಾಗಲೀ ವಾಸನೆಯಾಗಲೀ ಇಲ್ಲ. ಅದು ತುಂಬಿದ ತೊಟ್ಟಿಯೊಳಗೆ ಉಸಿರಾಟದ ಉಪಕರಣವಿಲ್ಲದೆ ಇಳಿದವರು ಕ್ಷಣಗಳಲ್ಲಿ ಪ್ರಜ್ಞೆ ತಪ್ಪುವರು. ರಕ್ಷಿಸಲು ಹಾಗೆಯೇ ಇಳಿದವರಿಗೂ ಅದೇ ಗತಿ.

ಅರ್ಜಿದಾರರ ಗಮನಕ್ಕೆ
ಬಳಸಿದ ಕ್ರಿಯಾವರ್ಧಕವು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಅನುಸೂಚಿ-1ರಲ್ಲಿ ಸೇರಿದೆ. ಬಿಡದಿ, ಹಾರೋಹಳ್ಳಿ ಮುಂತಾದೆಡೆ ಇಂತಹ ತ್ಯಾಜ್ಯ ಉಂಟಾಗುವ ಘಟಕ ನಡೆಸುವವರು ನಮೂನೆ-1ರಲ್ಲಿ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಸಲ್ಲಿಸಿ ಅಧಿಕಾರ ಪತ್ರ ಪಡೆಯತಕ್ಕದ್ದು. ದಾಸ್ತಾನಿನ ಸಾಮಾನ್ಯ ಗರಿಷ್ಠ ಅವಧಿ 90 ದಿನಗಳು. ನಮೂನೆ-3ರಲ್ಲಿ ಲೆಕ್ಕವಿಟ್ಟು, ನಮೂನೆ-4ರ ವಾರ್ಷಿಕ ವಿವರವನ್ನು ಜೂನ್ 30ರೊಳಗೆ ಸಲ್ಲಿಸತಕ್ಕದ್ದು.

ರಸ್ತೆಬದಿಯ ಗ್ರಾಮಸ್ಥರ ಗಮನಕ್ಕೆ
ಬೆಂಗಳೂರು–ಮೈಸೂರು ರಸ್ತೆಯ ದೊಡ್ಡಮಳೂರಿನಂತಹ ಗ್ರಾಮಗಳ ನಿವಾಸಿಗಳು ಅಪಘಾತಕ್ಕೀಡಾದ ವಾಹನದಲ್ಲಿ 2881 (ಒಣ ಲೋಹ ಕ್ರಿಯಾವರ್ಧಕ) ಅಥವಾ 1378 (ತೇವಗೊಳಿಸಿದ್ದು) ಎಂಬ ಸಂಖ್ಯೆ ಕಂಡಲ್ಲಿ ದೂರ ಸರಿದು, 112ಕ್ಕೆ ಕರೆ ಮಾಡಿ ಸಂಖ್ಯೆಯನ್ನು ತಿಳಿಸತಕ್ಕದ್ದು. ಡ್ರಮ್ಮಿನ ಮುಚ್ಚಳ ತೆರೆಯಬಾರದು. ಉರಿಯುವ ಲೋಹದ ಪುಡಿಗೆ ನೀರೆರಚಬಾರದು. ಅದನ್ನು ಒಣ ಮರಳಿನಿಂದ ಮುಚ್ಚುವ ಕಾರ್ಯ ಅಗ್ನಿಶಾಮಕ ಸಿಬ್ಬಂದಿಯದು.

ಅಪಾಯಕಾರಿ ರಾಸಾಯನಿಕ ಅಂಟಿದ ಖಾಲಿ ಡ್ರಮ್ಮುಗಳೂ ಸದರಿ ಅನುಸೂಚಿಗೆ ಒಳಪಡುತ್ತವೆ. ಅಗ್ಗವಾಗಿ ದೊರೆಯುವುದೆಂದು ಅವುಗಳನ್ನು ಕೊಂಡು ಕುಡಿಯುವ ನೀರನ್ನಾಗಲೀ ರಾಗಿಯನ್ನಾಗಲೀ ತುಂಬಿಡಬಾರದು. ನಿಕ್ಕಲ್ ಸಂಯುಕ್ತಗಳು ಕ್ಯಾನ್ಸರ್‌ಕಾರಕಗಳಾಗಿದ್ದು, ತೊಳೆದ ಮಾತ್ರಕ್ಕೆ ಡ್ರಮ್ಮು ಶುದ್ಧವಾಯಿತೆಂದು ಭಾವಿಸತಕ್ಕದ್ದಲ್ಲ.