ಕ್ಷೇಮ ಕೇಳುವವರು

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ, ಸಿದ್ದಾಪುರದ ಹತ್ತಿರ, ಅಶೋಕನ ಶಾಸನವಿದೆ. 1892ರಲ್ಲಿ ಬಿ. ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ಶಾಲೆಯಲ್ಲಿ ನಮಗೆ ಅದರ ಉಪದೇಶವನ್ನಷ್ಟೇ ಹೇಳಿಕೊಡುತ್ತಿದ್ದರು: ತಂದೆತಾಯಿಗಳ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು. ನನಗೆ ಹೆಚ್ಚು ಇಷ್ಟವಾದದ್ದು ಅದರ ಆರಂಭ. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯವನ್ನು ಮೊದಲು ವಿಚಾರಿಸುತ್ತಾರೆ, ದೊರೆಯ ಆಜ್ಞೆಯನ್ನು ಆಮೇಲೆ ತಿಳಿಸುತ್ತಾರೆ.

ಮಿಲಿಟರಿಗೆ ಹೋದ ನಮ್ಮ ಕಡೆಯ ಹುಡುಗರು ಮನೆಗೆ ಬರೆಯುತ್ತಿದ್ದ ಕಾಗದಗಳೂ ಹೀಗೇ ಶುರುವಾಗುತ್ತಿದ್ದವು. ‘ನಾನು ಇಲ್ಲಿ ಕ್ಷೇಮ, ನಿಮ್ಮೆಲ್ಲರ ಕ್ಷೇಮಕ್ಕೆ ಕಾಗದ ಬರೆಯುವುದು.’ ಬರೆದವನು ಹಿಮದಲ್ಲಿ ನಿಂತಿರಲಿ, ಆಸ್ಪತ್ರೆಯಲ್ಲಿ ಮಲಗಿರಲಿ, ಮೊದಲ ಸಾಲು ಬದಲಾಗುತ್ತಿರಲಿಲ್ಲ. ಅವನ ಕ್ಷೇಮವನ್ನು ಮನೆಯವರು ಕೇಳುತ್ತಿದ್ದರು. ಮನೆಯವಳ ಕ್ಷೇಮವನ್ನು ಕೇಳುವವರು ಯಾರು? ಈ ಪ್ರಶ್ನೆ ಇಟ್ಟುಕೊಂಡು ಹಿಂದಿನದನ್ನೆಲ್ಲ ತಿರುವಿ ನೋಡಿದರೆ ಚರಿತ್ರೆ ಸ್ವಲ್ಪ ಬೇರೆಯಾಗಿಯೇ ಕಾಣುತ್ತದೆ.

ಯುದ್ಧದಲ್ಲಿ ಮಡಿದವನ ಸಂಸಾರವನ್ನು ನೋಡಿಕೊಳ್ಳುವುದು ಹೊಸ ವಿಚಾರವೇನಲ್ಲ. ಹೋರಾಡಿ ಸತ್ತವನ ಮನೆಯವರಿಗೆ ಭೂಮಿ ಬಿಟ್ಟುಕೊಡುವುದಕ್ಕೆ ನಮ್ಮ ಶಾಸನಗಳಲ್ಲಿ ‘ನೆತ್ತರುಗೊಡಗೆ’ ಎಂಬ ಮಾತಿದೆ. ನೆತ್ತರಿಗೆ ಕೊಟ್ಟ ಕೊಡುಗೆ ಎಂದರ್ಥ. ಪಿಂಚಣಿ ಎಂಬ ಪದ ನಮ್ಮ ನಾಲಿಗೆಗೆ ಬರುವ ಎಷ್ಟೋ ಶತಮಾನ ಮೊದಲೇ, ದುಡಿಯುವವನು ಹೋದ ಮೇಲೆ ಉಳಿದವರು ಉಣ್ಣಬೇಕಲ್ಲ ಎಂಬ ಎಚ್ಚರ ಇತ್ತು. ಅದನ್ನು ಮೆಚ್ಚಬೇಕಾದದ್ದೇ.

ಆದರೆ ಕಲ್ಲುಗಳನ್ನೇ ನೋಡಿ. ವೀರಗಲ್ಲಿನಲ್ಲಿ ಅವನು ಕಾದುತ್ತಾನೆ, ಅಪ್ಸರೆಯರೊಡನೆ ಮೇಲೆ ಹೋಗುತ್ತಾನೆ, ಶಿವನ ಸನ್ನಿಧಿ ಸೇರುತ್ತಾನೆ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಕ್ರಿ.ಶ. 949-50ರದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನ ಕಥೆ ಅದರಲ್ಲಿದೆ. ಹಂದಿಯೊಡನೆ ಸೆಣಸಿ ಸತ್ತ ಕಾಳಿ ಎಂಬ ನಾಯಿಯ ಹೆಸರೂ ಇದೆ, ಅದರ ಪೂಜೆಗೆ ಭೂಮಿ ಬಿಟ್ಟದ್ದೂ ಇದೆ. ಮಣಲೆರನ ಹೆಂಡತಿಯ ಹೆಸರಿಲ್ಲ. ಹೆಂಗಸಿಗೆಂದೇ ನಿಲ್ಲಿಸಿದ್ದು ಮಾಸ್ತಿಕಲ್ಲು, ಬಳೆ ತೊಟ್ಟ ಕೈ ಮೇಲೆತ್ತಿದ ಕಲ್ಲು. ಅದು ಗಂಡನೊಡನೆ ಬೆಂದವಳಿಗೆ ಸಿಗುತ್ತಿದ್ದ ಗೌರವ. ಬದುಕಿ ಉಳಿದು, ಮಕ್ಕಳನ್ನು ಸಾಕಿ, ಸಾಲ ತೀರಿಸಿ, ಮುದುಕಿಯಾಗಿ ಸತ್ತವಳಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ.

ದುರ್ಗದ ಕಥೆಯಲ್ಲೂ ಹಾಗೇ. ಒನಕೆ ಹಿಡಿದ ಓಬವ್ವ ಕೋಟೆ ಕಾವಲುಗಾರನ ಹೆಂಡತಿ, ಅವಳನ್ನು ನಾವು ಮರೆತಿಲ್ಲ. ಆದರೆ 1779ರಲ್ಲಿ ಕೋಟೆ ಹೈದರಾಲಿಯ ವಶವಾದ ಮೇಲೆ ಸುಮಾರು 20,000 ಜನರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದರೆಂದೂ ಅವರಲ್ಲಿನ ಹುಡುಗರನ್ನು ಆರಿಸಿ ಚೇಲಾ ಪಡೆ ಕಟ್ಟಿದರೆಂದೂ ರೈಸ್ ಅವರ ಗೆಜೆಟಿಯರ್ ಹೇಳುತ್ತದೆ. ಆ ಹುಡುಗರ ತಾಯಂದಿರು ಏನಾದರು? ಚಳ್ಳಕೆರೆ ಸುತ್ತಿನ ಅಮೃತಮಹಲ್ ಕಾವಲುಗಳು ಇನ್ನೊಂದು ಸಾಕ್ಷಿ. ಮೈಸೂರು ಅರಸರ ಕಾಲದಲ್ಲಿ ಬೆಣ್ಣೆ ಚಾವಡಿ ಎನಿಸಿಕೊಂಡಿದ್ದ ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಸೈನ್ಯದ ಫಿರಂಗಿ ಎಳೆಯುವ ಎತ್ತುಗಳಿಗೆ ಮೇಯಲು ಹುಲ್ಲುಗಾವಲು, ಲೆಕ್ಕ ಇಡಲು ಇಲಾಖೆ, ಸಾಕಲು ಕಟ್ಟಳೆ ಎಲ್ಲ ಇದ್ದವು. ಎತ್ತು ಹೊಡೆದುಕೊಂಡು ದಂಡಿನ ಹಿಂದೆ ಹೋದವನ ಹೆಂಡತಿಗೆ ಆ ವರ್ಷ ರಾಗಿ ಇತ್ತೇ ಎಂಬ ಲೆಕ್ಕವನ್ನು ಮಾತ್ರ ಯಾರೂ ಬರೆದಿಡಲಿಲ್ಲ.

ಸರ್ಕಾರ ಈ ಲೆಕ್ಕ ಇಡತೊಡಗಿದ್ದು ಮೊದಲನೆಯ ಮಹಾಯುದ್ಧದ ಕಾಲದಲ್ಲಿ. ಹೈಫಾದಲ್ಲಿ 1918ರ ಸೆಪ್ಟೆಂಬರ್ 23ರಂದು ನಮ್ಮ ಮೈಸೂರು ಲ್ಯಾನ್ಸರ್ಸ್ ಹೋರಾಡಿತಲ್ಲ, ಅದೇ ಯುದ್ಧ. 1917ರಲ್ಲಿ ಹುಟ್ಟಿದ್ದು ಸೈನ್ಯಕ್ಕೆ ಜನ ಸೇರಿಸುವ ಮಂಡಳಿ. ಯುದ್ಧ ಮುಗಿದ ಮೇಲೆ, 1919ರಲ್ಲಿ, ಅದರ ಜಾಗಕ್ಕೆ ಸೈನಿಕರ ಯೋಗಕ್ಷೇಮ ನೋಡುವ ಮಂಡಳಿ ಬಂತು. ಇಂದಿನ ಕೇಂದ್ರೀಯ ಸೈನಿಕ ಮಂಡಳಿಯ ಮೂಲ ಅದು. ಕರೆದುಕೊಂಡು ಹೋದವರೇ ಮನೆಗೆ ತಲುಪಿಸುವ ಹೊಣೆಯನ್ನೂ ಹೊರಬೇಕು ಎಂಬ ನ್ಯಾಯ ಅಂತೂ ಒಪ್ಪಿತವಾಯಿತು. 1949ರಿಂದ ಡಿಸೆಂಬರ್ 7 ಧ್ವಜ ದಿನವಾಯಿತು. ಶಾಲೆಯಲ್ಲಿ ಕಾಸು ಕೊಟ್ಟು ಎದೆಗೆ ಚುಚ್ಚಿಕೊಂಡ ಪುಟ್ಟ ಬಾವುಟದ ದುಡ್ಡು ಇಂಥ ಮನೆಗಳಿಗೇ ಹೋಗುವುದು.

ನಮ್ಮ ರಾಜ್ಯದಲ್ಲಿ ಈ ಕೆಲಸಕ್ಕೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಇದೆ. ಪ್ರತಿ ಜಿಲ್ಲೆಗೂ ಕಚೇರಿ ಇಲ್ಲ, ಒಂದೇ ಕಚೇರಿ ಹಲವು ಜಿಲ್ಲೆ ನೋಡುವುದೂ ಉಂಟು. ಪಿಂಚಣಿ ಇಲ್ಲದ ವಯಸ್ಸಾದ ಮಾಜಿ ಸೈನಿಕರಿಗೆ ಮತ್ತು ಅವರ ವಿಧವೆಯರಿಗೆ ನೆರವು, ಮಕ್ಕಳ ಓದಿಗೆ, ಹೆಣ್ಣುಮಕ್ಕಳ ಮದುವೆಗೆ, ವಿಧವೆಯ ಮರುಮದುವೆಗೆ ಸಹಾಯ, ಎಲ್ಲ ಪುಸ್ತಕದಲ್ಲಿದೆ. 2003ರಿಂದ ಪಿಂಚಣಿದಾರರಿಗೂ ಅವರ ಕುಟುಂಬಕ್ಕೂ ಪ್ರತ್ಯೇಕ ಆರೋಗ್ಯ ಯೋಜನೆ ಇದೆ. ಆದರೆ ಪುಸ್ತಕಕ್ಕೂ ಹಳ್ಳಿಯ ಹೊಸ್ತಿಲಿಗೂ ನಡುವೆ ಬಹಳ ದೂರ.

ಮೊಳಕಾಲ್ಮೂರಿನಲ್ಲಿ ನನ್ನ ಬಂಧುಗಳ ಮನೆಯ ಪಕ್ಕದಲ್ಲಿ ಒಬ್ಬ ಅಜ್ಜಿ ಇದ್ದರು. ಗಂಡ 1971ರ ಯುದ್ಧ ಮುಗಿಸಿ ಬಂದು, ಹಲವು ವರ್ಷ ಊರಲ್ಲಿದ್ದು ತೀರಿಕೊಂಡವರು. ರೇಷ್ಮೆ ಸೀರೆ ನೇಯುವ ಮನೆಗಳಲ್ಲಿ ನೂಲು ಸುತ್ತಿ ಜೀವನ ಮಾಡುತ್ತಿದ್ದರು. ಗಂಡನ ಸೇವಾ ಪುಸ್ತಕದಲ್ಲಿ ಇವರದು ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು, ಊರವರು ಕರೆಯುವುದು ಮೂರನೆಯದು. ಮದುವೆಯಾಗಿ ಬಂದಾಗ ಅತ್ತೆ ಹೆಸರು ಬದಲಿಸಿದ್ದರಂತೆ. ಅಷ್ಟಕ್ಕೇ ಕುಟುಂಬ ಪಿಂಚಣಿ ನಿಂತುಹೋಗಿತ್ತು. ಒಂದು ಕಚೇರಿಗೆ ಮೂರು ಸಲ ಹೋಗಿ ಬಸ್ ಚಾರ್ಜು ಕಳೆದುಕೊಂಡು ಬಂದಿದ್ದರು. ಕೊನೆಗೆ ಕೆಲಸ ಮಾಡಿಕೊಟ್ಟವರು ಬೀದಿಯ ನಿವೃತ್ತ ಹವಾಲ್ದಾರರೊಬ್ಬರು. ಜಗಲಿಯ ಮೇಲೆ ಕೂತು ಕಾಗದಗಳನ್ನೆಲ್ಲ ಓದಿ, ನೋಟರಿ ಹತ್ತಿರ ಕರೆದುಕೊಂಡು ಹೋಗಿ, ಅಫಿಡವಿಟ್ ಬರೆಸಿ, ರೆಕಾರ್ಡ್ ಆಫೀಸಿಗೆ ರಿಜಿಸ್ಟರ್ ಮಾಡಿಸಿದರು. ಪಿಂಚಣಿ ಬಂದ ಮೇಲೂ ವರ್ಷಕ್ಕೊಮ್ಮೆ ಬದುಕಿರುವ ಬಗ್ಗೆ ಪ್ರಮಾಣಪತ್ರ ಕೊಡಬೇಕು ಎಂದಾಗ ಅಜ್ಜಿ ಕೇಳಿದ್ದು ನೆನಪಿದೆ: ‘ಬದುಕಿದೀನಿ ಅಂತ ನಾನೇ ಬಂದು ಹೇಳಿದ್ರೆ ಸಾಲದೇನಪ್ಪಾ?’

ಕಾಗದದ ತೊಡಕು ಕಣ್ಣಿಗೆ ಕಾಣುತ್ತದೆ, ಮನಸ್ಸಿನದು ಕಾಣುವುದಿಲ್ಲ. ಸಿಪಾಯಿ ಸಾಮಾನ್ಯವಾಗಿ ನಲವತ್ತರ ಆಸುಪಾಸಿನಲ್ಲೇ ನಿವೃತ್ತನಾಗಿ ಬರುತ್ತಾನೆ. ಅಷ್ಟು ವರ್ಷ ಹೊಲದ ಶೇಂಗಾ ಮಾರಿದವಳು, ಮಗನನ್ನು ಶಾಲೆಗೆ ಸೇರಿಸಿದವಳು, ಮಾವನನ್ನು ಆಸ್ಪತ್ರೆಗೆ ಹೊತ್ತವಳು ಅವಳೇ. ಈಗ ಮನೆಗೆ ಇಬ್ಬರು ಯಜಮಾನರು. ಅವನಿಗೆ ಬೆಳಗ್ಗೆ ಐದಕ್ಕೆ ಎಲ್ಲ ಸಾಲಾಗಿ ನಿಲ್ಲಬೇಕು, ಮಕ್ಕಳಿಗೆ ಅವನು ರಜೆಗೆ ಬರುವ ನೆಂಟ. ನಿದ್ದೆ ಬಾರದು, ಕಂಡದ್ದನ್ನು ಹೇಳಲಾರ, ಬಾಟಲಿಯ ಜೊತೆ ಸ್ನೇಹ. ‘ಮಿಲಿಟರಿ ಮನುಷ್ಯ, ಕೋಪ ಜಾಸ್ತಿ’ ಎಂದು ಊರು ಹೇಳಿ ಸುಮ್ಮನಾಗುತ್ತದೆ. ಅದು ಬೇನೆ ಎಂದು ಹೇಳುವವರು ಬೇಕು. ನೆರೆಯ ಬಳ್ಳಾರಿ ಜಿಲ್ಲೆಯಲ್ಲೇ 1980ರ ದಶಕದಲ್ಲಿ ನಿಮ್ಹಾನ್ಸ್ ನೆರವಿನಿಂದ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮಾನಸಿಕ ಚಿಕಿತ್ಸೆಯ ತರಬೇತಿ ಕೊಟ್ಟು ನೋಡಿದರು. ಅದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. 2022ರ ಅಕ್ಟೋಬರ್‌ನಿಂದ 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಹಣ ಕೊಡದೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಸೈನಿಕರಿಗೂ ಅವರ ಮನೆಯವರಿಗೂ ಪುಣೆಯಲ್ಲಿ ಇದರದೇ ಒಂದು ಘಟಕ 2023ರ ಡಿಸೆಂಬರ್‌ನಲ್ಲಿ ಆರಂಭವಾಯಿತು. ಹೆಂಡತಿಯೂ ಕರೆ ಮಾಡಬಹುದು. ಗಂಡನ ಅಪ್ಪಣೆ ಬೇಡ.

ಹೆಂಗಸಿನ ಮನಸ್ಸನ್ನು ಕಾಯಿದೆ ಎಷ್ಟು ತಡವಾಗಿ ಅರಿಯುತ್ತದೆ ಎಂಬುದಕ್ಕೆ ಒಂದು ಮಾತು. ಶೌರ್ಯ ಪದಕ ಪಡೆದ ಸೈನಿಕನ ವಿಧವೆಗೆ ಆ ಪದಕದ ಭತ್ಯೆ ಬರುತ್ತದೆ. ಅವಳು ಮರುಮದುವೆಯಾದರೆ ಅದು ನಿಲ್ಲುತ್ತಿತ್ತು. ಸತ್ತವನ ತಮ್ಮನನ್ನೋ ಅಣ್ಣನನ್ನೋ ಮದುವೆಯಾದರೆ ಮಾತ್ರ ಮುಂದುವರಿಯುತ್ತಿತ್ತು. ಈ ಷರತ್ತನ್ನು ತೆಗೆದುಹಾಕಿದ್ದು 2017ರ ನವೆಂಬರಿನಲ್ಲಿ. ಅಲ್ಲಿಯವರೆಗೆ ಅವಳ ಬದುಕು ಅದೇ ಮನೆಯ ಅಂಗಳದಲ್ಲೇ ಸುತ್ತಬೇಕಿತ್ತು.

ಅದೇ 2017ರಲ್ಲಿ ಚಳ್ಳಕೆರೆ ತಾಲ್ಲೂಕಿನಲ್ಲಿ ಡಿಆರ್‌ಡಿಒ ತನ್ನ ವಿಮಾನ ಪರೀಕ್ಷಾ ನೆಲೆ ತೆರೆಯಿತು. ಎತ್ತುಗಳು ಮೇದ ಕಾವಲಿನ ಮೇಲೆ ಈಗ ಪೈಲಟ್ ಇಲ್ಲದ ವಿಮಾನಗಳು ಹಾರುತ್ತವೆ. ದೇಶ ಕಾಯುವ ಸಾಧನ ಬದಲಾಗಿದೆ, ಬೆಳೆದಿದೆ. ಕಾಯಲು ಹೋದವನ ಮನೆ ಮಾತ್ರ ನಮ್ಮ ಬೀದಿಯಲ್ಲೇ ಇದೆ.

ಅಲ್ಲಿಗೆ ಹೋಗಲು ನಮಗೆ ಸರ್ಕಾರದ ಆದೇಶ ಬೇಕಿಲ್ಲ. ಓದು ಬಲ್ಲವರು ನಾವು ಅರ್ಧ ಗಂಟೆ ಕೂತು ಅವಳ ಕಾಗದಗಳನ್ನು ನೋಡಬಹುದು. ಗಂಡ ಬದುಕಿರುವಾಗಲೇ ಸೇವಾ ದಾಖಲೆಯಲ್ಲಿ ಅವಳ ಹೆಸರು, ಹುಟ್ಟಿದ ದಿನ, ಮಕ್ಕಳ ಹೆಸರು ಆಧಾರ್ ಕಾರ್ಡಿನಲ್ಲಿದ್ದಂತೆಯೇ ಇವೆಯೇ ಎಂದು ತಾಳೆ ನೋಡಿಸಬಹುದು. ಕಚೇರಿಗೆ ಜೊತೆಗೆ ಹೋಗಬಹುದು. ಏನೂ ಆಗದಿದ್ದರೆ, ಅವಳು ಇಟ್ಟ ಕಾಫಿ ಕುಡಿಯುತ್ತಾ, ‘ನೀವು ಹೇಗಿದ್ದೀರಿ?’ ಎಂದು ಕೇಳಿ, ಅವಳು ಉತ್ತರ ಹೇಳಿ ಮುಗಿಸುವವರೆಗೆ ಏಳದೆ ಕೂರಬಹುದು.