60 ದಾಟಿದವರು ಚಳಿಗಾಲದ ರೇಸ್‌ನಲ್ಲಿ ಓಡಬಾರದೇ? ಫಾರ್ವರ್ಡ್‌ನಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು

ನವೆಂಬರ್ ಬಂತೆಂದರೆ ನಮ್ಮ ಊರುಗಳಲ್ಲಿ ಓಟದ ಸೀಸನ್ ಶುರು. ಭಾನುವಾರ ಬೆಳಗಾದರೆ ಎಲ್ಲೋ ಒಂದು ಕಡೆ 5 ಕಿ.ಮೀ., ಮತ್ತೊಂದು ಕಡೆ 10 ಕಿ.ಮೀ. ಫ್ಯಾಮಿಲಿ ಗ್ರೂಪ್‌ಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುವುದೂ ಇದೇ ಹೊತ್ತಿಗೆ. ‘60ರ ನಂತರ ಚಳಿಯಲ್ಲಿ ಓಡಿದರೆ ಹೃದಯಾಘಾತ ಖಚಿತ, ಮಂಡಿ ಸವೆದುಹೋಗುತ್ತದೆ’ ಎನ್ನುವುದು ಒಂದು. ನೂರು ವರ್ಷದ ಅಜ್ಜ ಮ್ಯಾರಥಾನ್ ಓಡುವ ವಿಡಿಯೋ ಹಾಕಿ ‘ವಯಸ್ಸು ಬರೀ ಸಂಖ್ಯೆ’ ಎನ್ನುವುದು ಇನ್ನೊಂದು. ಮೊದಲನೆಯದನ್ನು ಓದಿ ಹತ್ತು ವರ್ಷದಿಂದ ಓಡುತ್ತಿದ್ದ ಅಪ್ಪ ಶೂ ಮೂಲೆಗಿಡುತ್ತಾರೆ. ಎರಡನೆಯದನ್ನು ನೋಡಿ ಎಂದೂ ಓಡದ ಮಾವ ನೇರ 10 ಕಿ.ಮೀ.ಗೆ ಹೆಸರು ಕೊಡುತ್ತಾರೆ. ನಮಗೆ ಎರಡನೆಯದೇ ಹೆಚ್ಚು ಅಪಾಯಕಾರಿ ಎನಿಸುತ್ತದೆ.

ಮೊದಲು ಹೃದಯದ ಮಾತು. ಚಳಿಗೆ ಚರ್ಮದ ರಕ್ತನಾಳಗಳು ಕಿರಿದಾಗುತ್ತವೆ, ರಕ್ತದೊತ್ತಡ ಏರುತ್ತದೆ, ಹೃದಯಕ್ಕೆ ಕೆಲಸ ಜಾಸ್ತಿಯಾಗುತ್ತದೆ. ಇಷ್ಟು ನಿಜ. ಆದರೆ ‘ಖಚಿತ’ ಎಂಬ ಮಾತಿಗೆ ಆಧಾರವಿಲ್ಲ. ಅಮೆರಿಕದಲ್ಲಿ 2000ದಿಂದ 2010ರವರೆಗೆ ಹಾಫ್ ಮತ್ತು ಫುಲ್ ಮ್ಯಾರಥಾನ್ ಓಡಿದ ಸುಮಾರು 1.09 ಕೋಟಿ ಮಂದಿಯ ಲೆಕ್ಕ ತೆಗೆದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಹೃದಯಸ್ತಂಭನವಾದದ್ದು 59 ಜನರಿಗೆ, ಅಂದರೆ ಸುಮಾರು 1.84 ಲಕ್ಷಕ್ಕೆ ಒಬ್ಬರಿಗೆ. ಅವರ ಸರಾಸರಿ ವಯಸ್ಸು 42. (ಹಾಗೆಂದು ಹಿರಿಯರಿಗೆ ಅಪಾಯ ಕಡಿಮೆ ಎಂದು ಓದಿಕೊಳ್ಳಬೇಡಿ, ಓಡುವವರಲ್ಲಿ ಹಿರಿಯರ ಸಂಖ್ಯೆಯೇ ಕಡಿಮೆ.) ಆ 59 ಜನರಲ್ಲಿ 42 ಮಂದಿ ಬದುಕಲಿಲ್ಲ. ಅದೇ ಬಗೆಯ ಲೆಕ್ಕವನ್ನು 2010ರಿಂದ 2023ರವರೆಗೆ ಮುಂದುವರಿಸಿದಾಗ 176 ಜನರಿಗೆ ಹೃದಯಸ್ತಂಭನ, 59 ಸಾವು. ಹೃದಯ ನಿಲ್ಲುವುದು ಕಡಿಮೆಯಾಗಲಿಲ್ಲ, ಬದುಕುಳಿದವರು ಹೆಚ್ಚಾದರು. ಪಕ್ಕದಲ್ಲಿದ್ದವರು ತಕ್ಷಣ ಎದೆ ಒತ್ತಿ ಸಿಪಿಆರ್ ಕೊಟ್ಟದ್ದು, ಶಾಕ್ ಕೊಡುವ ಎಇಡಿ ಯಂತ್ರ ಬೇಗ ಸಿಕ್ಕಿದ್ದು ಇದಕ್ಕೆ ಮುಖ್ಯ ಕಾರಣ. ಹೆಸರು ನೋಂದಾಯಿಸುವಾಗ ಟೀ-ಶರ್ಟ್ ಸೈಜ್ ಜೊತೆಗೆ ‘ಎಇಡಿ ಇದೆಯೇ, ಆಂಬುಲೆನ್ಸ್ ಎಲ್ಲಿರುತ್ತದೆ?’ ಎಂದೂ ಕೇಳಿ. ಉತ್ತರ ಬಾರದ ರೇಸ್‌ಗೆ ಮನೆಯ ಹಿರಿಯರನ್ನು ಕಳಿಸಬೇಡಿ.

ಬೆಂಗಳೂರಿನ ಡಿಸೆಂಬರ್ ಮುಂಜಾವಿನಲ್ಲಿ ಸಾಮಾನ್ಯವಾಗಿ 15-16 ಡಿಗ್ರಿ ಇರುತ್ತದೆ. ಓಟಕ್ಕೆ ಇದು ಒಳ್ಳೆಯ ಹವೆಯೇ. ತೊಂದರೆ ಇರುವುದು ತೆಳು ಟೀ-ಶರ್ಟ್‌ನಲ್ಲಿ ಮುಕ್ಕಾಲು ಗಂಟೆ ನಿಂತು, ಹಾರ್ನ್ ಕೇಳಿದೊಡನೆ ಹುಡುಗರ ಜೊತೆ ನುಗ್ಗುವುದರಲ್ಲಿ. ಹಳೇ ಸ್ವೆಟರ್ ಹಾಕಿಕೊಂಡು ಬನ್ನಿ, ಹೊರಡುವ ಮುನ್ನ 15 ನಿಮಿಷ ನಡೆದು, ನಿಧಾನಕ್ಕೆ ಓಡಿ ಮೈ ಬಿಸಿ ಮಾಡಿಕೊಳ್ಳಿ. ಮೊದಲ ಕಿಲೋಮೀಟರನ್ನು ಪಕ್ಕದವರ ಜೊತೆ ಮಾತಾಡಿಕೊಂಡು ಓಡುವಷ್ಟು ನಿಧಾನವಾಗಿ ಮುಗಿಸಿ.

ಬಿಪಿಗೆಂದು ಬೀಟಾ ಬ್ಲಾಕರ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರ ಎದೆಬಡಿತ ಎಷ್ಟು ಓಡಿದರೂ ಹೆಚ್ಚು ಏರುವುದಿಲ್ಲ. ಹಾಗಾಗಿ ಕೈಗಡಿಯಾರ ತೋರಿಸುವ ಹಾರ್ಟ್ ರೇಟ್ ನಂಬಿ ‘ಇನ್ನೂ ಜೋರಾಗಿ ಓಡಬಹುದು’ ಎಂದುಕೊಳ್ಳುವುದು ತಪ್ಪು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಓಡಿದರೆ ಸಕ್ಕರೆ ಇಳಿದು ಕುಸಿಯಬಹುದು. ಮಂಡಿ ನೋಯಬಾರದೆಂದು ಮೊದಲೇ ನೋವಿನ ಮಾತ್ರೆ ನುಂಗುವ ಅಭ್ಯಾಸವಂತೂ ಬೇಡವೇ ಬೇಡ. ಮೈಯಲ್ಲಿ ನೀರು ಕಡಿಮೆಯಾದಾಗ ಅದು ಕಿಡ್ನಿಗೆ ಪೆಟ್ಟು ಕೊಡಬಲ್ಲದು. ಚಳಿಗಾಲದಲ್ಲಿ, ಅದರಲ್ಲೂ ವಯಸ್ಸಾದವರಿಗೆ, ಬಾಯಾರಿಕೆ ಗೊತ್ತಾಗುವುದೂ ಕಡಿಮೆ. ಹೃದಯ, ಬಿಪಿ, ಸಕ್ಕರೆ ತೊಂದರೆ ಇರುವವರು, ಹೊಸದಾಗಿ ಓಟ ಶುರು ಮಾಡುವವರು ಮೊದಲು ವೈದ್ಯರನ್ನು ಕಾಣಲೇಬೇಕು.

ಇನ್ನೊಂದು ಮಾತು ನಮ್ಮ ಕಡೆಯವರಿಗೇ. ಓಡುವಾಗ ಎದೆ ಹಿಡಿದಂತಾಗುವುದು, ದವಡೆ ಅಥವಾ ಎಡಗೈಗೆ ನೋವು ಹರಿಯುವುದು, ತಲೆ ಸುತ್ತುವುದು, ಎಂದಿಲ್ಲದ ಏದುಸಿರು ಇವಕ್ಕೆಲ್ಲ ನಾವು ಇಡುವ ಹೆಸರು ‘ಗ್ಯಾಸ್ಟ್ರಿಕ್’. ಒಂದು ಗ್ಲಾಸ್ ಸೋಡಾ ಕುಡಿದು ಓಟ ಮುಗಿಸೋಣ ಎಂದುಕೊಳ್ಳಬೇಡಿ. ಅಲ್ಲೇ ನಿಂತು ಸಹಾಯ ಕೇಳಿ, 108ಕ್ಕೆ ಕರೆ ಮಾಡಿ.

ಮಂಡಿಯ ವಿಷಯದಲ್ಲಿ ಫಾರ್ವರ್ಡ್ ತಪ್ಪು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 1984ರಿಂದ ಸುಮಾರು ಎರಡು ದಶಕ 50 ದಾಟಿದ ಓಟಗಾರರನ್ನೂ ಓಡದವರನ್ನೂ ಹಿಂಬಾಲಿಸಿ ನೋಡಿದರು. ಓಟಗಾರರ ಮಂಡಿ ಹೆಚ್ಚು ಸವೆದಿರಲಿಲ್ಲ. 19 ವರ್ಷಗಳಲ್ಲಿ ಓಡದವರಲ್ಲಿ ಶೇ 34ರಷ್ಟು ಮಂದಿ ತೀರಿಕೊಂಡಿದ್ದರೆ, ಓಟಗಾರರಲ್ಲಿ ಶೇ 15. ಓಟಗಾರರು ಮೊದಲಿಂದಲೇ ಆರೋಗ್ಯವಂತರಾಗಿದ್ದದ್ದೂ ಇದಕ್ಕೆ ಸ್ವಲ್ಪ ಕಾರಣವಿರಬಹುದು. ಈಗಾಗಲೇ ಮಂಡಿ ಊದಿಕೊಂಡವರ ಮಾತು ಬೇರೆ.

ಚಳಿಗಿಂತ ನಾವು ಹೆಚ್ಚು ಹೆದರಬೇಕಾದದ್ದು ಹೊಗೆಗೆ. ಚಳಿಗಾಲದ ಬೆಳಗ್ಗೆ ತಂಪು ಗಾಳಿ ನೆಲಕ್ಕೆ ಅಂಟಿಕೊಂಡು, ವಾಹನದ ಹೊಗೆ, ಕಸ ಸುಟ್ಟ ಹೊಗೆ ಮೇಲೆ ಹೋಗದೆ ಅಲ್ಲೇ ನಿಲ್ಲುತ್ತದೆ. 2017ರ ನವೆಂಬರ್‌ನಲ್ಲಿ ದೆಹಲಿ ಹಾಫ್ ಮ್ಯಾರಥಾನ್ ಮುಂದೂಡಿ ಎಂದು ಭಾರತೀಯ ವೈದ್ಯಕೀಯ ಸಂಘ ಹೈಕೋರ್ಟಿಗೇ ಹೋಗಿತ್ತು. ಅಂದು ಓಟವೇನೋ ನಡೆಯಿತು, ಮರುವರ್ಷ ಅಕ್ಟೋಬರ್‌ಗೆ ಬಂತು. ರೇಸಿನ ಬೆಳಗ್ಗೆ ಮೊಬೈಲಿನಲ್ಲಿ ಎಕ್ಯೂಐ ನೋಡಿ. 200 ದಾಟಿದ್ದರೆ ಮನೆಯಲ್ಲೇ ಉಳಿಯಿರಿ, ಅಸ್ತಮಾ ಇದ್ದರೆ ಅದಕ್ಕೂ ಮೊದಲೇ.

ಹಾಗಾದರೆ 65ರ ವಯಸ್ಸಿನಲ್ಲಿ ಸ್ಪರ್ಧೆ ಯಾರ ಜೊತೆ? ಮಾಸ್ಟರ್ಸ್ ಅಥ್ಲೆಟಿಕ್ಸ್‌ನಲ್ಲಿ 35ರಿಂದ ಐದೈದು ವರ್ಷಕ್ಕೊಂದು ವಿಭಾಗ. ಇದಲ್ಲದೆ ‘ಏಜ್ ಗ್ರೇಡಿಂಗ್’ ಎಂಬ ಲೆಕ್ಕವಿದೆ: ನಿಮ್ಮ ವಯಸ್ಸಿನವರಿಗೆ ಗೊತ್ತುಮಾಡಿದ ಅತ್ಯುತ್ತಮ ಸಮಯಕ್ಕೆ ನಿಮ್ಮ ಸಮಯವನ್ನು ಹೋಲಿಸುವುದು. ಆ ಸಮಯ 40 ನಿಮಿಷ ಎಂದಿಟ್ಟುಕೊಳ್ಳಿ. ನೀವು 60 ನಿಮಿಷದಲ್ಲಿ ಮುಗಿಸಿದರೆ ನಿಮ್ಮ ಅಂಕ ಸುಮಾರು ಶೇ 67. ಮುಂದಿನ ವರ್ಷ ಅರ್ಧ ನಿಮಿಷ ತಡವಾದರೂ ಅಂಕ ಇಳಿಯದೇ ಇರಬಹುದು, ಏಕೆಂದರೆ ನಿಮ್ಮ ವಯಸ್ಸಿನ ಮಾನದಂಡವೂ ಸಡಿಲವಾಗಿರುತ್ತದೆ. ಮಗಳ ಸಮಯಕ್ಕಿಂತ ಹದಿನೈದು ನಿಮಿಷ ಹಿಂದೆ ಬಂದು ಅಂಕದಲ್ಲಿ ಅವಳನ್ನು ಸೋಲಿಸುವ ಅಮ್ಮಂದಿರೂ ಇರಬಹುದು!

ಸರಣಿ ರೇಸ್‌ನಲ್ಲಿ ಒಂದು ಗುಟ್ಟಿದೆ. ನಾಲ್ಕೈದು ಓಟಗಳಿದ್ದರೆ ಎಲ್ಲದರಲ್ಲೂ ಜೀವ ಬಿಟ್ಟು ಓಡಬೇಕಿಲ್ಲ. ವಯಸ್ಸಾದ ಸ್ನಾಯು ಚೇತರಿಸಿಕೊಳ್ಳಲು ಹೆಚ್ಚು ದಿನ ಬೇಕು. ಎರಡನ್ನು ಜೋರಾಗಿ ಓಡಿ, ಉಳಿದವನ್ನು ಅಭ್ಯಾಸವೆಂದುಕೊಳ್ಳಿ.

ಕೊನೆಗೆ ಆ ವಿಡಿಯೋದ ಅಜ್ಜ. ಅವರು ಬಹುತೇಕ ಫೌಜಾ ಸಿಂಗ್. 2011ರಲ್ಲಿ ಟೊರಾಂಟೊ ಮ್ಯಾರಥಾನ್ ಮುಗಿಸಿದಾಗ ಅವರಿಗೆ 100 ವರ್ಷ. ಜನನ ಪ್ರಮಾಣಪತ್ರ ಇಲ್ಲದ ಕಾರಣ ಗಿನ್ನೆಸ್ ದಾಖಲೆ ಸಿಗಲಿಲ್ಲ. ಫಾರ್ವರ್ಡ್ ಹೇಳದ ಸಂಗತಿ ಎಂದರೆ, ಅವರು ಲಂಡನ್ ಮ್ಯಾರಥಾನ್ ಓಡಿದ್ದು 2000ದಲ್ಲಿ. ನೂರರ ಆ ಓಟದ ಹಿಂದೆ ಹತ್ತು ವರ್ಷಕ್ಕೂ ಮೀರಿದ ಅಭ್ಯಾಸವಿತ್ತು. 2004ರಲ್ಲಿ 73ನೇ ವಯಸ್ಸಿಗೆ ಮ್ಯಾರಥಾನನ್ನು 2 ಗಂಟೆ 54 ನಿಮಿಷ 48 ಸೆಕೆಂಡಿನಲ್ಲಿ ಮುಗಿಸಿದ ಕೆನಡಾದ ಎಡ್ ವಿಟ್ಲಾಕ್, ಮನೆ ಹತ್ತಿರದ ಸ್ಮಶಾನದೊಳಗೆ ದಿನಾ ಗಂಟೆಗಟ್ಟಲೆ ನಿಧಾನವಾಗಿ ಸುತ್ತು ಹಾಕುತ್ತಿದ್ದರು.