ಬಣ್ಣದ ಸ್ಫಟಿಕಪಾತ್ರೆಗಳ ಪರೀಕ್ಷೆ

ರಾಜಾಜಿನಗರ, ವಿಜಯನಗರಗಳಲ್ಲಿ ಹಳೆಯ ಮನೆಗಳನ್ನು ಕೆಡವಿ ಮಹಡಿಯ ಮೇಲೆ ಮಹಡಿ ಕಟ್ಟುತ್ತಿರುವ ಈ ಕಾಲದಲ್ಲಿ, ಬೀರುಗಳಲ್ಲಿ ಮೌನವಾಗಿ ಕುಳಿತಿದ್ದ ಬಣ್ಣದ ಪಾನಪಾತ್ರೆಗಳು ಹೊರಬೀಳುತ್ತಿವೆ. ಕೆಲವರು ಅವನ್ನು ಹಳೆಯ ಸಾಮಾನಿನವನಿಗೆ ಬಂದ ಬೆಲೆಗೆ ಕೊಟ್ಟುಬಿಡುವರು. ಮತ್ತೆ ಕೆಲವರು ‘ಅರಮನೆಯ ಬೆಲ್ಜಿಯಂ ಗಾಜು’ ಎಂಬ ಮಾತಿಗೆ ಮರುಳಾಗಿ ಸಾವಿರಗಟ್ಟಲೆ ತೆತ್ತು ತರುವರು. ಮೈಸೂರು ಅರಮನೆಯ ಕಲ್ಯಾಣಮಂಟಪದ ಗಾಜಿನ ಛಾವಣಿಯೇ ಗ್ಲಾಸ್ಗೋ ನಗರದಿಂದ ಬಂದುದೆಂಬುದನ್ನು ಇಂಥವರು ನೆನೆಯುವುದೊಳ್ಳೆಯದು.

ನಮ್ಮ ನಾಡಿಗೆ ಬಣ್ಣದ ಗಾಜು ಹೊಸತಲ್ಲ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕಾನನ್ನನು ಹೊಸದುರ್ಗದ ಕಡೆಯ ಮತ್ತೋಡಿನ ಗಾಜಿನ ಕೆಲಸವನ್ನು ವರ್ಣಿಸಿದ್ದಾನೆ. ಆದರೆ ಅಲ್ಲಿಯ ಗಾಜು ಬಳೆಯಾಯಿತೇ ಹೊರತು ಲೋಟವಾಗಲಿಲ್ಲ. ಬೆಳ್ಳಿ ಹಿತ್ತಾಳೆಗಳಲ್ಲಿ ಕುಡಿಯುತ್ತಿದ್ದ ಜನಕ್ಕೆ ಅದು ಬೇಕಾಗಿಯೂ ಇರಲಿಲ್ಲ. ಸ್ಫಟಿಕಪಾತ್ರೆಗಳು ನಮಗೆ ಹಡಗಿನಲ್ಲಿ ಬಂದವು.

ಸ್ಫಟಿಕವೆಂಬ ಹೆಸರೂ ಔಪಚಾರಿಕವೇ. ವಸ್ತುತಃ ಅದು ಕಾಚ. 1674ರಲ್ಲಿ ಲಂಡನ್ನಿನ ರೇವನ್ಸ್‌ಕ್ರಾಫ್ಟನು ಹಕ್ಕುಪತ್ರ ಪಡೆದ ಮೇಲೆ, ಸೀಸದ ಭಸ್ಮ ಬೆರೆಸಿದ ಗಾಜು ಇಂಗ್ಲೆಂಡಿನಲ್ಲಿ ರೂಢಿಗೆ ಬಂದಿತು. ಅದು ಕೈಗೆ ಭಾರ. ಬೆರಳಿಂದ ಮೀಟಿದರೆ ಗಂಟೆಯಂತೆ ನಾದವು ನಿಲ್ಲುತ್ತದೆ. ಬೊಹೀಮಿಯದವರು ಬಹುಕಾಲ ಬಳಸಿದ್ದು ಮರದ ಬೂದಿಯ ಕ್ಷಾರವನ್ನು. ಆ ಗಾಜು ಹಗುರ. ಆದುದರಿಂದ ತೂಕವೊಂದನ್ನೇ ನಂಬಿ ಉತ್ತಮ ಬೊಹೀಮಿಯ ಪಾತ್ರೆಯನ್ನು ಕಳೆದುಕೊಳ್ಳಬಾರದು.

ಮುಖ್ಯವಾಗಿ ನೋಡತಕ್ಕದ್ದು ಬಣ್ಣವು ಎಲ್ಲಿದೆಯೆಂಬುದನ್ನು. ಪಾತ್ರೆಯ ಬಾಯಂಚನ್ನು ಬಿಸಿಲಿಗೆ ಹಿಡಿಯಿರಿ. ಕೋಬಾಲ್ಟಿನ ನೀಲಿಯಾಗಲಿ ಚಿನ್ನದಿಂದಾದ ಕೆಂಪಾಗಲಿ ಗಾಜಿನ ಮೈಯೊಳಗೆಲ್ಲ ವ್ಯಾಪಿಸಿರಬಹುದು. ಬಿಳಿಯ ಗಾಜಿನ ಮೇಲೆ ಬಣ್ಣದ ಗಾಜಿನ ಪದರವಿದ್ದರೆ, ಸಾಣೆಯಿಂದ ಕೊರೆದೆಡೆಯಲ್ಲಿ ಒಳಗಿನ ಬಿಳುಪು ದಪ್ಪನೆಯ ಬಣ್ಣದಂಚಿನೊಡನೆ ಕಾಣುತ್ತದೆ. ಬೊಹೀಮಿಯದ ಎಗರ್‌ಮನ್ನನು 1830ರ ಸುಮಾರಿನಲ್ಲಿ ಸಾಧಿಸಿದ ಕೆಂಪಾದರೋ ಕೇವಲ ಮೇಲ್ಮೈಯ ಲೇಪ; ತೆಳುವಾಗಿ ಸವೆದಲ್ಲಿ ಬರಿಯ ಗಾಜು ಇಣುಕುವುದು. ಮೂರೂ ಕೆಂಪೇ, ಬೆಲೆ ಮಾತ್ರ ಒಂದಲ್ಲ. ಕೆತ್ತನೆಯ ಅಂಚುಗಳು ಬೆರಳಿಗೆ ಮೊಂಡಾಗಿ ತಾಗಿ, ಪಕ್ಕದಲ್ಲಿ ಅಚ್ಚಿನ ಗೀರು ಕಂಡರೆ ಅದು ಒತ್ತಿ ಮಾಡಿದ ಮಾಲು. ಚೆಕೊಸ್ಲೊವಾಕಿಯವೆಂದು ಮುದ್ರೆಯಿದ್ದರೆ 1918ಕ್ಕೆ ಹಿಂದಿನದಲ್ಲ; ಆ ರಾಜ್ಯವೇ 1992ರ ಕೊನೆಗೆ ಇಬ್ಭಾಗವಾಯಿತು. ಪಾದದ ತಳದಲ್ಲಿ ದಿಕ್ಕುದಿಕ್ಕಿಗೆ ಹರಿದ ಸಣ್ಣ ಗೀರುಗಳು ವಯಸ್ಸಿನ ಸಾಕ್ಷಿ. ಒಂದೇ ಕಡೆಗೆ ಉಜ್ಜಿದಂತಿದ್ದರೆ ಸಂಶಯ ಪಡಬೇಕು.

ಬಾಯಂಚು ಒಡೆದದ್ದಕ್ಕೆ ಬೆಲೆ ಬಹಳ ಇಳಿಯುತ್ತದೆ. ಆರರ ಜೊತೆ ಪೂರ್ಣವಾಗಿದ್ದರೆ ಬಿಡಿಯ ಬೆಲೆಗಳ ಮೊತ್ತಕ್ಕಿಂತ ಹೆಚ್ಚು ಸಲ್ಲುವುದುಂಟು. ತಂಗಿಗೆ ಮೂರು, ಅಕ್ಕನಿಗೆ ಮೂರೆಂದು ಹಂಚುವವರು ಇದನ್ನು ಗಮನಿಸಲಿ. ಕೊಳವೆಬಾವಿಯ ಗಡಸುನೀರಿನ ಬಿಳಿಕಲೆ ಹುಳಿನೀರಿಗೆ ಬಿಡಬಹುದು, ಗಾಜೇ ಮಸುಕಾಗಿದ್ದರೆ ಬಿಡದು. ಸೀಸದ ಪಾತ್ರೆಯಲ್ಲಿ ನಿಂಬೆಯ ಪಾನಕವನ್ನು ತುಂಬಿ ಇಡತಕ್ಕದ್ದಲ್ಲ. ಹುಳಿಯು ಸೀಸವನ್ನು ಹೀರಿಕೊಳ್ಳುತ್ತದೆ.